ನೀನು ಎಲ್ಲಿ ನಿಂತಿದ್ದೆ?: ಅಮೆರಿಕದ ಕಾಲೇಜು ಸಾಕರ್‌ಗೆ ರೆಫರಿಯಾಗುವ ದಾರಿ

(ಅಮೆರಿಕದ ನಮ್ಮ ಊರಿನ ಕನ್ನಡ ಕೂಟದ ಭಾನುವಾರದ ಸಭೆಯಲ್ಲಿ ಆಡಿದ ಮಾತುಗಳ ಬರಹ ರೂಪ.)

ಎಲ್ಲರಿಗೂ ನಮಸ್ಕಾರ.

ಒಳಗೆ ಬರುವ ಮುಂಚೆ ಕಾಫಿ ಕುಡಿಯುತ್ತಿದ್ದಾಗ ಒಬ್ಬರು ಕೇಳಿದರು: "ರೆಫರಿ ಆಗೋಕೂ ಪರೀಕ್ಷೆ ಬರೀಬೇಕಾ? ಆಟ ಗೊತ್ತಿದ್ರೆ ಸಾಲದಾ?" ಅಲ್ಲಿಂದಲೇ ಶುರು ಮಾಡುತ್ತೇನೆ. ಯಾಕೆಂದರೆ ನಾನೂ ಹಾಗೇ ನಂಬಿದ್ದವನು. ಬೆಂಗಳೂರಿನ ಆಸ್ಟಿನ್ ಟೌನಿನಲ್ಲಿ ಬೆಳೆದವನಿಗೆ ಫುಟ್‌ಬಾಲನ್ನು, ಅಂದರೆ ಇಲ್ಲಿಯವರು ಸಾಕರ್ ಅನ್ನುವ ಆಟವನ್ನು, ಯಾರೂ ಹೇಳಿಕೊಡಬೇಕಾಗಿಲ್ಲ. ನಡೆಯಲು ಕಲಿತ ಹಾಗೇ ಅದೂ ಬರುತ್ತದೆ. ಅತ್ತ ಹಲಸೂರಿನ ಕಡೆ ಗೌತಮಪುರಕ್ಕೆ ಹೋದರೆ ಜನ ಪೆಲೆಯ ಪ್ರತಿಮೆಯನ್ನೇ ನಿಲ್ಲಿಸಿದ್ದಾರೆ. ಅಂಥ ಕಡೆಯಿಂದ ಬಂದ ನನಗೆ ಆಟ ಗೊತ್ತಿತ್ತು. ಗೊತ್ತಿಲ್ಲದೇ ಇದ್ದದ್ದು ಬೇರೆ ಒಂದು ಸಂಗತಿ. ಅದನ್ನು ಕಲಿಯಲು ನನಗೆ ಹಲವು ವರ್ಷ ಹಿಡಿಯಿತು. ಇವತ್ತು ಹೇಳಬೇಕು ಅಂದುಕೊಂಡಿರುವುದು ಅದನ್ನೇ.

ಇಲ್ಲಿಗೆ ಕೆಲಸಕ್ಕೆ ಬಂದೆ, ಮಗಳು ಹುಟ್ಟಿದಳು, ಏಳು ವರ್ಷಕ್ಕೆ ಊರಿನ ಮಕ್ಕಳ ಲೀಗಿಗೆ ಸೇರಿದಳು. ಒಂದು ಶನಿವಾರ ಬೆಳಿಗ್ಗೆ ರೆಫರಿ ಬರಲೇ ಇಲ್ಲ. ಹದಿನಾಲ್ಕು ಮಕ್ಕಳು ಚಳಿಯಲ್ಲಿ ಮೊಣಕಾಲು ಕುಣಿಸುತ್ತಾ ನಿಂತಿದ್ದವು. ಲೀಗಿನವರೊಬ್ಬರು ನನ್ನ ಕೈಗೆ ಸೀಟಿ ಕೊಟ್ಟರು. ಆವತ್ತು ಆ ಆಟ ಮುಗಿಸಿ ಬಂದಾಗ ನನ್ನ ಅಂಗೈ ಬೆವೆತಿತ್ತು. ಪುಟ್ಟ ಮಕ್ಕಳ ಆಟವೇ ಇಷ್ಟು ಕಷ್ಟ ಅಂತ ಅದುವರೆಗೂ ಗೊತ್ತಿರಲಿಲ್ಲ. ಮುಂದಿನ ತಿಂಗಳು ಯುಎಸ್ ಸಾಕರ್ ಒಕ್ಕೂಟದ ಕೋರ್ಸಿಗೆ ಹೆಸರು ಕೊಟ್ಟೆ.

ಮೊದಲ ಮೆಟ್ಟಿಲನ್ನು ಬೇಗ ಹೇಳಿ ಮುಗಿಸುತ್ತೇನೆ, ಯಾಕೆಂದರೆ ಅದು ಕಷ್ಟದ್ದಲ್ಲ. ಈಗ ಅದಕ್ಕೆ ಗ್ರಾಸ್‌ರೂಟ್ಸ್ ರೆಫರಿ ಅನ್ನುತ್ತಾರೆ. 2019ಕ್ಕೆ ಮುಂಚೆ ಗ್ರೇಡ್ ಎಂಟು, ಗ್ರೇಡ್ ಏಳು ಅಂತ ಅಂಕಿಗಳಲ್ಲಿ ಕರೆಯುತ್ತಿದ್ದರು. 13 ವರ್ಷ ತುಂಬಿದ್ದರೆ ಸಾಕು. ಆನ್‌ಲೈನ್ ಪಾಠ, ಮೈದಾನದ ತರಬೇತಿ, ಒಂದು ಪರೀಕ್ಷೆ. ದೊಡ್ಡವರಾದರೆ ಹಿನ್ನೆಲೆ ತಪಾಸಣೆ, ಮಕ್ಕಳ ಸುರಕ್ಷತೆಯ ಸೇಫ್‌ಸ್ಪೋರ್ಟ್ ತರಬೇತಿ. ಅಷ್ಟಾದರೆ ಮಕ್ಕಳ ಆಟಕ್ಕೆ ಇಳಿಯಬಹುದು.

ಅಲ್ಲಿಂದ ಕಾಲೇಜು ಆಟದವರೆಗಿನ ದಾರಿ ಉದ್ದ. ಅದೂ ನೇರ ದಾರಿಯಲ್ಲ. ಇಲ್ಲಿಯ ಕಾಲೇಜು ಸಾಕರ್ ತನ್ನದೇ ಒಂದು ಮನೆ ಕಟ್ಟಿಕೊಂಡಿದೆ. ಫುಟ್‌ಬಾಲ್ ನಿಯಮ ಅಂದ ತಕ್ಷಣ ನಾವು ನೆನೆಯುವ 17 ನಿಯಮಗಳನ್ನು ನೋಡಿಕೊಳ್ಳುವ ಅಂತಾರಾಷ್ಟ್ರೀಯ ಮಂಡಳಿ ಹುಟ್ಟಿದ್ದು 1886ರಲ್ಲಿ. ಅಮೆರಿಕದ ಸಾಕರ್ ಒಕ್ಕೂಟ ಹುಟ್ಟಿದ್ದು 1913ರಲ್ಲಿ. ಕಾಲೇಜು ಕ್ರೀಡೆಯ ಸಂಸ್ಥೆ ಎನ್‌ಸಿಎಎ ಅದಕ್ಕಿಂತ ಹಳೆಯದು, 1906ರದು. ಆ ಹಿರಿತನ ಇವತ್ತಿಗೂ ಉಳಿದಿದೆ: ಕಾಲೇಜು ಆಟಕ್ಕೆ ಬೇರೆಯದೇ ನಿಯಮ ಪುಸ್ತಕ. ಆ ಪುಸ್ತಕವನ್ನು ಓದಿಸಿ, ಪರೀಕ್ಷಿಸಿ, ರೆಫರಿಗಳನ್ನು ತಯಾರು ಮಾಡಲು 1964ರಲ್ಲಿ ರೆಫರಿಗಳೇ ಕಟ್ಟಿಕೊಂಡ ರಾಷ್ಟ್ರೀಯ ಸಂಘವೊಂದಿದೆ. ಎನ್‌ಐಎಸ್‌ಒಎ ಅಂತ ಅದರ ಹೆಸರು. ಪ್ರತಿ ಭಾಗದಲ್ಲೂ ಅದಕ್ಕೆ ಸ್ಥಳೀಯ ಶಾಖೆಗಳಿವೆ. ನಾನು ಹೋಗಿ ಬಾಗಿಲು ತಟ್ಟಿದ್ದು ಅಂಥ ಒಂದು ಶಾಖೆಯದು.

ಅಷ್ಟು ಹೊತ್ತಿಗೆ ಐದಾರು ವರ್ಷ ಮಕ್ಕಳ ಆಟ, ಹೈಸ್ಕೂಲ್ ಆಟ, ಭಾನುವಾರದ ದೊಡ್ಡವರ ಲೀಗು, ಎಲ್ಲ ಮಾಡಿದ್ದೆ. ಶಾಖೆಯವರು ಹೇಳಿದ್ದು ಮೂರು ಕೆಲಸ: ಬರವಣಿಗೆಯ ಪರೀಕ್ಷೆ, ಓಟದ ಪರೀಕ್ಷೆ, ಋತು ಶುರುವಾಗುವ ಮುಂಚಿನ ಶಿಬಿರ. ಕೇಳಲು ಸಲೀಸು.

ನಿಯಮ ಪುಸ್ತಕದ ಮಾತಿಗೆ ಬರುತ್ತೇನೆ. ಇದರಲ್ಲಿ ಸ್ವಲ್ಪ ಹೊತ್ತು ನಿಲ್ಲಬೇಕು.

ನಮಗೆಲ್ಲ ಗೊತ್ತಿರುವ ಫುಟ್‌ಬಾಲಿನಲ್ಲಿ ಕಾಲ ಇರುವುದು ರೆಫರಿಯ ಮಣಿಕಟ್ಟಿನಲ್ಲಿ. ಗಡಿಯಾರ ನಿಲ್ಲುವುದಿಲ್ಲ. ಪೋಲಾದ ಹೊತ್ತನ್ನು ಅವನು ಕೊನೆಗೆ ಸೇರಿಸುತ್ತಾನೆ. ಕಾಲೇಜಿನಲ್ಲಿ ಕಾಲ ಇರುವುದು ಎಲ್ಲರ ಕಣ್ಣೆದುರಿನ ದೊಡ್ಡ ಫಲಕದಲ್ಲಿ. 45ರಿಂದ ಶುರುವಾಗಿ ಸೊನ್ನೆಗೆ ಇಳಿಯುತ್ತದೆ. ಗೋಲಾದರೆ, ಕಾರ್ಡ್ ತೋರಿಸಿದರೆ, ಪೆನಾಲ್ಟಿ ಕೊಟ್ಟರೆ, ಗಾಯಾಳುವಿಗಾಗಿ ಆಟ ನಿಲ್ಲಿಸಿದರೆ, ರೆಫರಿ ಎರಡೂ ಕೈಯನ್ನು ತಲೆಯ ಮೇಲೆ ಅಡ್ಡ ಹಿಡಿದು ಗಡಿಯಾರ ನಿಲ್ಲಿಸಬೇಕು. ಕೊನೆಯ ಹತ್ತು ಸೆಕೆಂಡನ್ನು ಗಟ್ಟಿಯಾಗಿ ಎಣಿಸುತ್ತಾರೆ. ಸೊನ್ನೆಯಾಯಿತು ಅಂದರೆ ಮುಗಿಯಿತು. ಒದ್ದ ಚೆಂಡು ಗಾಳಿಯಲ್ಲಿದ್ದರೂ ಅಷ್ಟೇ, ಸೊನ್ನೆಯಾಗುವ ಮುಂಚೆ ಅದು ಪೂರ್ತಿ ಗೆರೆ ದಾಟಿರಬೇಕು. ಯುರೋಪಿನಿಂದ, ಆಫ್ರಿಕಾದಿಂದ ಓದಲು ಬಂದು ಇಲ್ಲಿ ಆಡುವ ಹುಡುಗರು ಬಹಳ ಇದ್ದಾರೆ. "ಇನ್ನೂ ಎಷ್ಟು ಹೊತ್ತಿದೆ, ರೆಫ್?" ಅಂತ ಅಭ್ಯಾಸಬಲದಿಂದ ಕೇಳುತ್ತಾರೆ. ಫಲಕದ ಕಡೆ ಕೈ ತೋರಿಸುತ್ತೇನೆ.

ಬದಲಿ ಆಟಗಾರರ ಲೆಕ್ಕವೂ ಬೇರೆ. ಹೊರಗಿನ ದೊಡ್ಡ ಆಟದಲ್ಲಿ ಒಮ್ಮೆ ಹೊರಗೆ ಹೋದವನು ಹೋದ ಹಾಗೇ. ಕಾಲೇಜಿನಲ್ಲಿ ಮೊದಲ ಅರ್ಧದಲ್ಲಿ ಹೊರಬಂದವನು ಆ ಅರ್ಧ ಮುಗಿಯುವವರೆಗೆ ಕೂರಬೇಕು. ಎರಡನೆಯ ಅರ್ಧದಲ್ಲಿ ಹೊರಬಂದರೆ ಒಂದು ಸಲ ವಾಪಸು ಇಳಿಯಬಹುದು. ಇನ್ನು ಹೈಸ್ಕೂಲಿಗೆ ಮೂರನೆಯದೊಂದು ಪುಸ್ತಕ. ಅಲ್ಲಿ ಹಳದಿ ಕಾರ್ಡ್ ತಿಂದ ಹುಡುಗ ಮೈದಾನ ಬಿಟ್ಟು ಬರಲೇಬೇಕು, ಅವನ ಜಾಗಕ್ಕೆ ಬೇರೆಯವನನ್ನು ಇಳಿಸಬಹುದು. ಕಾಲೇಜಿನಲ್ಲಿ ಹಾಗಿಲ್ಲ. ನನ್ನಂಥವರಿಗೆ ಅಕ್ಟೋಬರ್ ತಿಂಗಳಲ್ಲಿ ಮಂಗಳವಾರ ಹೈಸ್ಕೂಲ್ ಆಟ, ಶುಕ್ರವಾರ ಕಾಲೇಜು ಆಟ, ಭಾನುವಾರ ಕ್ಲಬ್ ಆಟ. ಒಂದೇ ವಾರದಲ್ಲಿ ಮೂರು ಪುಸ್ತಕ. ಮಂಗಳವಾರದ ಅಭ್ಯಾಸ ಶುಕ್ರವಾರ ಕೈಗೆ ಬಂದುಬಿಟ್ಟರೆ ಅದು ಒಬ್ಬ ವಿದ್ಯಾರ್ಥಿಗೆ ಆಗುವ ಅನ್ಯಾಯ.

ಅದು ಸಾಲದು ಅನ್ನುವ ಹಾಗೆ ಪುಸ್ತಕವೂ ನಿಂತಲ್ಲಿ ನಿಲ್ಲುವುದಿಲ್ಲ. 2022ರವರೆಗೆ ಸಮ ಆದ ಆಟಕ್ಕೆಲ್ಲ ಹೆಚ್ಚುವರಿ ಅವಧಿ ಇತ್ತು, ಅದರಲ್ಲಿ ಮೊದಲು ಬಿದ್ದ ಗೋಲಿಗೇ ಆಟ ಮುಗಿಯುತ್ತಿತ್ತು. ಆ ವರ್ಷದಿಂದ ಲೀಗ್ ಹಂತದ ಆಟ ಸಮ ಆದರೆ ಸಮವೇ. ನಾಕೌಟ್ ಹಂತದಲ್ಲಿ ಮಾತ್ರ ಹತ್ತತ್ತು ನಿಮಿಷದ ಎರಡು ಅವಧಿ, ಅದನ್ನು ಪೂರ್ತಿ ಆಡಿಯೇ ತೀರಬೇಕು. ಹೀಗೆ ಬದಲಾಗುತ್ತಲೇ ಇರುವುದರಿಂದ ಪರೀಕ್ಷೆಯೂ ಒಮ್ಮೆ ಪಾಸು ಮಾಡಿ ಮರೆಯುವಂಥದ್ದಲ್ಲ. ಪ್ರತಿ ಬೇಸಿಗೆಯಲ್ಲೂ ಪುಸ್ತಕ ಕೈಗೆತ್ತಿಕೊಳ್ಳಬೇಕು. ನಮ್ಮ ಮನೆಯಲ್ಲಿ ಜುಲೈ ತಿಂಗಳಲ್ಲಿ ಊಟದ ಮೇಜಿನ ಮೇಲೆ ಅದು ಇದ್ದೇ ಇರುತ್ತದೆ. ಮಗಳು ಪ್ರಶ್ನೆ ಓದುತ್ತಾಳೆ, ನಾನು ಪಾತ್ರೆ ತೊಳೆಯುತ್ತಾ ಉತ್ತರ ಹೇಳುತ್ತೇನೆ. "ಮೊದಲ ಅರ್ಧದಲ್ಲಿ ಹೊರಗೆ ಹೋದ ಏಳನೇ ನಂಬರಿನವಳು, ತಲೆಗೆ ಪೆಟ್ಟು ಬಿದ್ದಿದೆ ಅಂತ ವೈದ್ಯರು ಪರೀಕ್ಷೆಗೆ ಕರೆದದ್ದು..." ಅಂತ ಅವಳು ಶುರು ಮಾಡಿದರೆ, ಪ್ರಶ್ನೆಯ ಜೀವ ಆ "ತಲೆಗೆ ಪೆಟ್ಟು" ಅನ್ನುವ ಎರಡೇ ಪದದಲ್ಲಿದೆ ಅಂತ ಗುರುತಿಸಬೇಕು. ಬರೀ ಮಾಮೂಲಿ ಬದಲಿ ಅಂತ ಉತ್ತರ ಬರೆದರೆ ಮುಗಿಯಿತು.

ಓಟದ ಪರೀಕ್ಷೆ ಆಗಸ್ಟ್ ಆರಂಭದಲ್ಲಿ. ಬೆಳಿಗ್ಗೆ ಏಳಕ್ಕೇ ಒಂದು ಕಾಲೇಜಿನ ಓಟದ ಪಥದಲ್ಲಿ ಸೇರಿದ್ದೆವು. ಆಗಲೇ ರಬ್ಬರ್ ನೆಲದಿಂದ ಝಳ ಏಳುತ್ತಿತ್ತು. ಇಪ್ಪತ್ತೆರಡರ ಹುಡುಗಿಯಿಂದ ಹಿಡಿದು ಅರವತ್ತರ ಹತ್ತಿರದವರವರೆಗೆ ಎಲ್ಲ ವಯಸ್ಸಿನವರೂ ಇದ್ದರು. ನಾನು ಮೊದಲ ಸಲ ಓಡಿದ್ದು 12 ನಿಮಿಷದ ಓಟ. ಅಮೆರಿಕದ ವಾಯುಪಡೆಯ ವೈದ್ಯ ಕೆನೆತ್ ಕೂಪರ್ 1968ರಲ್ಲಿ ರೂಪಿಸಿದ್ದು: ಹನ್ನೆರಡು ನಿಮಿಷದಲ್ಲಿ ಎಷ್ಟು ದೂರ ಹೋದೆ ಅನ್ನುವುದಷ್ಟೇ ಲೆಕ್ಕ. ಆದರೆ ಆಟ ಹಾಗೆ ಒಂದೇ ಸಮನೆ ಓಡಿಸುವುದಿಲ್ಲವಲ್ಲ. ಅದಕ್ಕೇ ಈಗ ಮೇಲಿನ ಹಂತಗಳಲ್ಲಿ ಓಡಿ, ನಡೆದು, ಮತ್ತೆ ಓಡುವ ಪರೀಕ್ಷೆ. ಫಿಫಾದ ಪುರುಷ ರೆಫರಿಗಳು 75 ಮೀಟರನ್ನು 15 ಸೆಕೆಂಡಿನಲ್ಲಿ ಓಡಿ, 25 ಮೀಟರನ್ನು 18 ಸೆಕೆಂಡಿನಲ್ಲಿ ನಡೆದು, ಇದನ್ನೇ 40 ಸಲ ಮಾಡಬೇಕು. ಒಟ್ಟು ನಾಲ್ಕು ಕಿಲೋಮೀಟರ್. ಒಂದು ಆಟದಲ್ಲಿ ರೆಫರಿ ಸುಮಾರು 10ರಿಂದ 12 ಕಿಲೋಮೀಟರ್ ಓಡುತ್ತಾನೆ. ಅದರಲ್ಲಿ ಎಷ್ಟೋ ಸಲ ಹತ್ತೊಂಬತ್ತರ ಹುಡುಗರಿಗೆ ಸಮನಾಗಿ ಓಡಬೇಕು.

ಓಟ ಪಾಸಾದೆ, ಬರವಣಿಗೆ ಪಾಸಾದೆ, ಶಿಬಿರಕ್ಕೆ ಹೋದೆ. ಕೈಗೆ ಬ್ಯಾಜ್ ಬಂತು. ಅರ್ಹತೆ ಸಿಕ್ಕಿತು ಅಂದುಕೊಂಡೆ.

ಮೊದಲ ಋತುವಿನಲ್ಲಿ ಒಂದು ಸಣ್ಣ ಕಾಲೇಜಿನ ಆಟ. ಮಧ್ಯದಲ್ಲಿ ನಾನು. ನನ್ನನ್ನು ನೋಡಲು ಒಬ್ಬರು ಹಿರಿಯ ಮೌಲ್ಯಮಾಪಕರು ಬಂದಿದ್ದರು. ಎರಡನೆಯ ಅರ್ಧದಲ್ಲಿ ಒಂದು ತಂಡ ತನ್ನ ಪೆನಾಲ್ಟಿ ಚೌಕದಿಂದ ಉದ್ದಕ್ಕೆ ಚೆಂಡು ಹೊಡೆಯಿತು. ಎರಡೇ ಪಾಸಿನಲ್ಲಿ ಚೆಂಡು ಆ ತುದಿ ಸೇರಿತು. ನಾನು ಹಿಂದೆ ಬಿದ್ದಿದ್ದೆ. ಚೌಕದೊಳಗೆ ಡಿಫೆಂಡರ್ ಕಾಲು ಚಾಚಿದ, ಫಾರ್ವರ್ಡ್ ಬಿದ್ದ. ನೋಡಿದೆ, ಖಾತ್ರಿಯಿತ್ತು, ಸೀಟಿ ಊದಿ ಪೆನಾಲ್ಟಿ ಕೊಟ್ಟೆ. ಐದು ನಿಮಿಷ ಗಲಾಟೆ. ಡಿಫೆಂಡರ್ ಕೈ ಮುಗಿಯುವ ಹಾಗೆ ಎದುರು ನಿಂತು, "ನೀವು ಅಲ್ಲಿಂದ ಹೇಗೆ ನೋಡಿದ್ರಿ, ಸರ್?" ಅಂತ ಕೇಳಿದ. ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ಅವನಿಗೆ ಉತ್ತರ ಬೇಕಿತ್ತು. ನನ್ನ ಹತ್ತಿರ ಉತ್ತರ ಇರಲಿಲ್ಲ. ಅವನಿಗೆ ಹಳದಿ ಕಾರ್ಡ್ ತೋರಿಸಿದೆ. ಅದು ಇವತ್ತಿಗೂ ನನ್ನನ್ನು ಕುಟುಕುತ್ತದೆ.

ಆಟ ಮುಗಿದ ಮೇಲೆ ಬಟ್ಟೆ ಬದಲಿಸುವ ಕೋಣೆಯಲ್ಲಿ ಮೌಲ್ಯಮಾಪಕರು ಒಂದು ಹಾಳೆ ತೆಗೆದು ಮೈದಾನದ ಚಿತ್ರ ಬರೆದರು. "ಅದು ಫೌಲೇ. ನಾನೂ ನೋಡಿದೆ" ಅಂದರು. ನನಗೆ ಜೀವ ಬಂತು. ಆಮೇಲೆ ಪೆನ್ನನ್ನು ನನ್ನ ಕೈಗೆ ಕೊಟ್ಟು, "ನೀನು ಎಲ್ಲಿ ನಿಂತಿದ್ದೆ? ಒಂದು ಚುಕ್ಕೆ ಇಡು" ಅಂದರು. ಮಧ್ಯದ ವೃತ್ತಕ್ಕಿಂತ ಸ್ವಲ್ಪ ಮುಂದೆ ಇಟ್ಟೆ. ಫೌಲ್ ಆದ ಜಾಗದಲ್ಲಿ ಅವರು ಇನ್ನೊಂದು ಚುಕ್ಕೆ ಇಟ್ಟರು. ಎರಡರ ನಡುವೆ ಗೆರೆ ಎಳೆದು ನಲವತ್ತು ಗಜ ಅಂತ ಬರೆದರು. ಮತ್ತೇನೂ ಹೇಳಲಿಲ್ಲ. ಆ ಹಾಳೆಯನ್ನು ಮಡಿಸಿ ಕೊಟ್ಟರು. ಈಗಲೂ ಅದು ನನ್ನ ಕಿಟ್ ಬ್ಯಾಗಿನಲ್ಲಿದೆ.

ಆ ಗೆರೆ ನೋಡಿದ ಮೇಲೆ ನನಗೆ ಎಲ್ಲ ಬೇರೆ ಥರ ಕಾಣತೊಡಗಿತು. ಓಟದ ಪರೀಕ್ಷೆ ದೇಹ ಗಟ್ಟಿಯಿದೆಯಾ ಅಂತ ನೋಡಲು ಅಲ್ಲ, ಆ ಗೆರೆಯನ್ನು ಗಿಡ್ಡ ಮಾಡಲು. ನಿಯಮ ಪುಸ್ತಕವನ್ನು ಅಷ್ಟು ಅರೆದು ಕುಡಿಸುವುದು ಯಾಕೆ? ನಿಯಮ ಯಾವುದು ಅಂತ ತಲೆ ಹುಡುಕುತ್ತಾ ಕೂತರೆ ಕಾಲು ನಿಲ್ಲುತ್ತದೆ, ಅದಕ್ಕೆ. ನಮ್ಮ ಹಿರಿಯರು "ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು" ಅಂದರು. ಮೈದಾನದಲ್ಲಿ ಪ್ರಮಾಣಿಸಿ ನೋಡಲು ಸಿಗುವುದು ಅರ್ಧ ಸೆಕೆಂಡು. ಹತ್ತಿರ ಇದ್ದವನಿಗೆ ಆ ಅರ್ಧ ಸೆಕೆಂಡು ಸಾಕು. ದೂರ ಇದ್ದವನಿಗೆ ಅರ್ಧ ಗಂಟೆ ಕೊಟ್ಟರೂ ಸಾಲದು.

ಹತ್ತಿರ ಅಂದರೆ ಚೆಂಡಿನ ಹಿಂದೆ ಬೀಳುವುದು ಅಂತಲ್ಲ. ಇಂಗ್ಲೆಂಡಿನ ರೆಫರಿ ಸ್ಟ್ಯಾನ್ಲಿ ರೌಸ್ 1930ರ ದಶಕದಲ್ಲಿ ಬಳಕೆಗೆ ತಂದ ಕ್ರಮ ಒಂದಿದೆ. ಅವರು ಮುಂದೆ ಫಿಫಾ ಅಧ್ಯಕ್ಷರೂ ಆದರು. ರೆಫರಿ ಒಂದು ಮೂಲೆಯ ಕಡೆಯಿಂದ ಎದುರು ಮೂಲೆಯ ಕಡೆಗೆ ಓರೆಯಾಗಿ ಓಡಾಡುತ್ತಾನೆ. ಉಳಿದ ಎರಡು ಮೂಲೆಯ ಕಡೆ, ಗೆರೆಯಾಚೆ ಬಾವುಟ ಹಿಡಿದ ಇಬ್ಬರು. ಹೀಗಾದರೆ ಆಟ ಸದಾ ರೆಫರಿಗೂ ಒಬ್ಬ ಸಹಾಯಕನಿಗೂ ನಡುವೆ ಇರುತ್ತದೆ. ಎರಡು ಕಡೆಯಿಂದ ಎರಡು ಜೊತೆ ಕಣ್ಣು. ಗೆರೆಯ ಮೇಲಿನವರ ಕೆಲಸ ಹಗುರ ಅಂದುಕೊಳ್ಳಬೇಡಿ. ಕೊನೆಯಿಂದ ಎರಡನೆಯ ಡಿಫೆಂಡರಿಗೆ ಸರಿಸಮನಾಗಿ ಅಡ್ಡಡ್ಡ ಓಡಬೇಕು. ಒಂದೇ ಗಜ ಹಿಂದೆ ಬಿದ್ದರೂ ಕಣ್ಣಿಗೆ ಕಾಣುವುದು ಓರೆ ನೋಟ, ಆಫ್‌ಸೈಡ್ (ಪಾಸ್ ಕೊಡುವ ಹೊತ್ತಿಗೆ ಆ ಡಿಫೆಂಡರನ್ನು ದಾಟಿ ಗೋಲಿನ ಕಡೆ ನಿಂತಿರುವ ತಪ್ಪು) ಅಲ್ಲದ್ದು ಆಫ್‌ಸೈಡ್ ಅನ್ನಿಸುತ್ತದೆ. ಕಣ್ಣಲ್ಲಿ ದೋಷವಿಲ್ಲ, ನಿಂತ ಜಾಗದಲ್ಲಿ ದೋಷ.

ಶಿಬಿರದಲ್ಲಿ ಇನ್ನೊಂದು ಪುಟ್ಟ ವಿಷಯ ಕಲಿಸಿದರು, ಇಲ್ಲಿರುವ ಹುಡುಗ ಹುಡುಗಿಯರಿಗೆ ಉಪಯೋಗಕ್ಕೆ ಬರುತ್ತದೆ. ಸೀಟಿಯನ್ನು ಬಾಯಲ್ಲಿ ಇಟ್ಟುಕೊಂಡು ಓಡಬೇಡಿ, ಕೈಯಲ್ಲಿ ಹಿಡಿಯಿರಿ. ಕೈಯಿಂದ ಬಾಯಿಗೆ ಬರುವಷ್ಟರಲ್ಲಿ ಆಟ ಏನಾಗುತ್ತಿದೆ ಅಂತ ಇನ್ನೊಮ್ಮೆ ಕಾಣುತ್ತದೆ. ಬಿದ್ದವಳು ಎದ್ದು ಚೆಂಡಿನ ಜೊತೆ ಓಡುತ್ತಿದ್ದಾಳೆ, ಮುಂದೆ ಗೋಲ್‌ಕೀಪರ್ ಒಬ್ಬಳೇ. ಆಗ ಸೀಟಿ ಊದಿದರೆ ಫೌಲ್ ಮಾಡಿದವಳಿಗೇ ಲಾಭ. ಒಳಗೆ ಗೋಲಿಯಿಲ್ಲದ ಸೀಟಿಯ ಹಿಂದೆಯೂ ಒಬ್ಬ ರೆಫರಿಯ ನೋವಿದೆ. ಕೆನಡಾದ ಬ್ಯಾಸ್ಕೆಟ್‌ಬಾಲ್ ರೆಫರಿ ರಾನ್ ಫಾಕ್ಸ್‌ಕ್ರಾಫ್ಟ್ ಅವರ ಸೀಟಿಯೊಳಗಿನ ಗೋಲಿ ಒಂದು ದೊಡ್ಡ ಆಟದಲ್ಲಿ ಸಿಕ್ಕಿಕೊಂಡು ಸದ್ದೇ ಬರಲಿಲ್ಲ. ಅವರು ಮುಂದೆ ಗೋಲಿಯೇ ಇಲ್ಲದ ಫಾಕ್ಸ್ 40 ಸೀಟಿ ಮಾಡಿಸಿದರು. 1987ರಿಂದ ಅದು ಎಲ್ಲ ಕಡೆ ಹಬ್ಬಿತು. ನನ್ನ ಕೈಯಲ್ಲಿರುವುದೂ ಅದೇ.

ಕಾಲೇಜು ಹಂತದಲ್ಲಿ ಕಾರ್ಡ್ ತೋರಿಸಿ ಜೇಬಿಗೆ ಹಾಕಿಕೊಂಡರೆ ಕೆಲಸ ಮುಗಿಯುವುದಿಲ್ಲ. ಒಂದು ಋತುವಿನಲ್ಲಿ ಐದು ಹಳದಿ ಆದರೆ ಆ ವಿದ್ಯಾರ್ಥಿಗೆ ಮುಂದಿನ ಆಟವಿಲ್ಲ. ನಾನು ಬೆನ್ನಿನ ನಂಬರನ್ನು ಆರರ ಬದಲು ಒಂಬತ್ತು ಅಂತ ಬರೆದುಕೊಂಡರೆ ತಪ್ಪು ಮಾಡದವಳು ಬೆಂಚಿನಲ್ಲಿ ಕೂರುತ್ತಾಳೆ. ಕಾಲೇಜು ಋತು ಆಗಸ್ಟ್ ಕೊನೆಗೆ ಶುರುವಾಗಿ ನವೆಂಬರ್ ಹೊತ್ತಿಗೆ ಬಹುತೇಕರಿಗೆ ಮುಗಿದುಹೋಗುತ್ತದೆ. ನಾಲ್ಕು ವರ್ಷದ ಓದಿನಲ್ಲಿ ಅವಳಿಗೆ ಸಿಗುವ ಆಟಗಳೇ ಎಣಿಕೆಯವು. ಅದರಲ್ಲಿ ಒಂದನ್ನು ನನ್ನ ಕೈಬರಹ ಕಿತ್ತುಕೊಳ್ಳಬಾರದು. ಅದಕ್ಕೇ ಕಾರ್ಡ್ ತೋರಿಸುವ ಮುಂಚೆ ಬೆನ್ನಿನ ನಂಬರನ್ನು ಬಾಯಿಬಿಟ್ಟು ಹೇಳಿಕೊಂಡು ಬರೆಯುತ್ತೇನೆ.

ಈ ಹೆಣ್ಣುಮಕ್ಕಳ ಆಟದ ಬಗ್ಗೆ ಒಂದು ಮಾತು. 1972ರಲ್ಲಿ ಟೈಟಲ್ ನೈನ್ ಕಾನೂನು ಬಂದು, ಸರ್ಕಾರದ ಹಣ ಪಡೆಯುವ ಕಾಲೇಜುಗಳಲ್ಲಿ ಹೆಣ್ಣು ಗಂಡೆಂದು ಭೇದ ಮಾಡುವಂತಿಲ್ಲ ಅಂದಿತು. ಎನ್‌ಸಿಎಎ ಗಂಡಸರ ಸಾಕರ್ ಚಾಂಪಿಯನ್‌ಷಿಪ್ 1959ರಲ್ಲೇ ಶುರುವಾಗಿತ್ತು. ಹೆಂಗಸರದು 1982ರಲ್ಲಿ. ಅಲ್ಲಿಂದ ಎಷ್ಟು ದೂರ ಬಂದಿದ್ದಾರೆ ನೋಡಿ. 2023ರ ಆಗಸ್ಟ್ 20ರಂದು ಸಿಡ್ನಿಯಲ್ಲಿ ಸ್ಪೇನ್, ಇಂಗ್ಲೆಂಡ್ ನಡುವೆ ಮಹಿಳಾ ವಿಶ್ವಕಪ್ ಫೈನಲ್. ಮಧ್ಯದಲ್ಲಿ ಅಮೆರಿಕದ ಟೋರಿ ಪೆನ್ಸೊ, ಗೆರೆಗಳ ಮೇಲೆ ಬ್ರೂಕ್ ಮೇಯೊ, ಕ್ಯಾಥ್ರಿನ್ ನೆಸ್ಬಿಟ್. ನೆಸ್ಬಿಟ್ ಟೌಸನ್ ವಿಶ್ವವಿದ್ಯಾಲಯದಲ್ಲಿ ರಸಾಯನಶಾಸ್ತ್ರ ಕಲಿಸುತ್ತಿದ್ದವರು, ಆ ಕೆಲಸ ಬಿಟ್ಟು ಬಾವುಟ ಹಿಡಿದರು. ಆವತ್ತು ಟಿವಿಯಲ್ಲಿ ಎಲ್ಲರೂ ಚೆಂಡು ನೋಡುತ್ತಿದ್ದರೆ, ನಾನು ಮತ್ತು ನನ್ನ ಮಗಳು ಪೆನ್ಸೊ ಅವರ ಕಾಲು ನೋಡುತ್ತಿದ್ದೆವು.

ನನ್ನ ಎರಡನೆಯ ಕಥೆ ಹೇಳಿ ಮುಗಿಸುತ್ತೇನೆ. ಮೊದಲನೆಯದು ನಡೆದು ನಾಲ್ಕು ವರ್ಷ ಆದ ಮೇಲಿನದು. ಅಕ್ಟೋಬರ್ ಸಂಜೆ, ದೀಪದ ಬೆಳಕು, ಹುಲ್ಲಿನ ಮೇಲೆ ಇಬ್ಬನಿ. ಆತಿಥೇಯ ತಂಡ ಒಂದು ಗೋಲು ಹಿಂದೆ. ಹನ್ನೆರಡು ಸೆಕೆಂಡಿದ್ದಾಗ ಕಾರ್ನರ್ ಒದೆದರು. ಎಣಿಕೆ ಶುರುವಾಯಿತು: ಹತ್ತು, ಒಂಬತ್ತು. ಡಿಫೆಂಡರ್ ತಲೆಯಿಂದ ಹೊರಗೆ ತಳ್ಳಿದ. ಚೆಂಡು ಚೌಕದ ಆಚೆ ನೆಲಕ್ಕೆ ಬಿತ್ತು. ನಾಲ್ಕು, ಮೂರು. ಒಬ್ಬ ಹುಡುಗ ಓಡಿ ಬಂದ. ನಾನು ಅವನಿಗಿಂತ ಮೊದಲೇ ಬಲಕ್ಕೆ ಸರಿದು, ಗೋಲಿನ ಗೆರೆ ಕಾಣುವಲ್ಲಿ, ಹದಿನೆಂಟು ಗಜದ ಗೆರೆಯ ಒಳಗೇ ಇದ್ದೆ. ಅವನು ಒದ್ದ. ಆ ಸದ್ದೇ ಬೇರೆ, ಸರಿಯಾಗಿ ಬಿದ್ದ ಹೊಡೆತದ ಸದ್ದು. ಆಮೇಲೆ ಹೊತ್ತು ಮುಗಿಯಿತು ಅನ್ನುವ ಭೋಂಗು. ಆಮೇಲೆ ಬಲೆ ಅಲುಗಿತು.

ಮೂರನ್ನೂ ಕೇಳಿದ್ದೆ, ನೋಡಿದ್ದೆ, ಅದೇ ಕ್ರಮದಲ್ಲಿ. ಭೋಂಗು ಮೊಳಗಿದಾಗ ಚೆಂಡು ಗೆರೆಗಿಂತ ಒಂದೆರಡು ಗಜ ಈಚೆ ಇತ್ತು. ಸಹಾಯಕ ರೆಫರಿಯ ಕಡೆ ತಿರುಗಿದೆ. ಅವಳು ತಲೆ ಅಲ್ಲಾಡಿಸಿದಳು. ಗೋಲಿಲ್ಲ ಅಂತ ಕೈ ಬೀಸಿದೆ.

ಹುಡುಗರು ಮುತ್ತಿಕೊಂಡರು. ಕೋಚ್ ಗೆರೆಯ ತನಕ ಓಡಿ ಬಂದು ಕಿರುಚಿದರು, "ಎಲ್ಲಿಂದ ನೋಡಿದೆ?" ನಾನು ನಿಂತ ಜಾಗವನ್ನೇ ಕೈಯಿಂದ ತೋರಿಸಿದೆ. ಆಗಿನ್ನೂ ಅಲ್ಲಿಂದ ಕದಲಿರಲಿಲ್ಲ. ಅವರು ನನ್ನ ಕಾಲಿನ ಕಡೆ ನೋಡಿದರು, ಗೋಲಿನ ಕಡೆ ನೋಡಿದರು. ಬಾಯಿ ತೆರೆದವರು ಹಾಗೇ ಮುಚ್ಚಿಕೊಂಡು ತಮ್ಮ ಹುಡುಗರನ್ನು ಕರೆದುಕೊಂಡು ಹೋದರು. ಒದ್ದ ಹುಡುಗ ನೆಲದಲ್ಲಿ ಮುಖ ಮುಚ್ಚಿ ಕೂತಿದ್ದ. ಅವನು ಎದ್ದು ನನ್ನ ಕೈ ಕುಲುಕಿ ಹೋದ. ಒಂದು ಕಾರ್ಡೂ ತೋರಿಸಬೇಕಾಗಿ ಬರಲಿಲ್ಲ.

ಆ ರಾತ್ರಿ ಕಾರಿನಲ್ಲಿ ಕೂತು ಬ್ಯಾಗಿನಿಂದ ಹಳೆಯ ಹಾಳೆ ತೆಗೆದು ಅದರಲ್ಲಿ ಇನ್ನೆರಡು ಚುಕ್ಕೆ ಇಟ್ಟೆ. ನಡುವಿನ ಗೆರೆ ಬಹಳ ಗಿಡ್ಡ ಇತ್ತು.

*

ಮಾತು ಮುಗಿದ ಮೇಲೆ ಕೆಲವರು ಪ್ರಶ್ನೆ ಕೇಳಿದರು. ಸಂಬಳ ಎಷ್ಟು ಅಂತ ಒಬ್ಬರು. ಸಂಬಳವಲ್ಲ, ಆಟಕ್ಕಿಷ್ಟು ಅಂತ ಕೊಡುತ್ತಾರೆ. ಇದರಲ್ಲೇ ಹೊಟ್ಟೆ ಹೊರೆಯುವುದು ಕಷ್ಟ. ಮಧ್ಯಾಹ್ನದ ಆಟಕ್ಕೆ ಆಫೀಸಿನಿಂದ ರಜೆ ಹಾಕಬೇಕಾಗುತ್ತದೆ, ಅದನ್ನು ಲೆಕ್ಕ ಹಾಕಿಯೇ ಇಳಿಯಬೇಕು. ಆಟಗಳನ್ನು ಹಂಚುವ ಅಸೈನರ್ ಅಂತ ಒಬ್ಬರು ಇರುತ್ತಾರೆ. ಮೊದಲ ವರ್ಷ ಅವರು ಕೊಟ್ಟದ್ದನ್ನು ಒಪ್ಪಿಕೊಳ್ಳಿ, ಗೆರೆಯ ಮೇಲಿನ ಕೆಲಸವಾದರೂ ಸರಿ.

ಇನ್ನೊಬ್ಬರು ಪಾಲಕರ ಬೈಗುಳದ ಬಗ್ಗೆ ಕೇಳಿದರು. ಅದು ನಿಜ. ಹದಿಮೂರು ಹದಿನಾಲ್ಕರ ಎಷ್ಟೋ ಮಕ್ಕಳು ಒಂದೆರಡು ವರ್ಷಕ್ಕೇ ಸೀಟಿ ಬಿಟ್ಟುಬಿಡುತ್ತವೆ, ಅದಕ್ಕೆ ದೊಡ್ಡವರ ಬಾಯಿಯೇ ಕಾರಣ. ನಮ್ಮವರೂ ಅದರಲ್ಲಿ ಇದ್ದಾರೆ. ಕುರ್ಚಿ ಹಾಕಿಕೊಂಡು ಕೂತ ಕಡೆಯಿಂದ "ಆಫ್‌ಸೈಡ್" ಅಂತ ಕೂಗುವ ಮುಂಚೆ ನಿಮ್ಮ ಕುರ್ಚಿ ಎಲ್ಲಿದೆ ಅಂತ ನೋಡಿಕೊಳ್ಳಿ ಅಂತ ಕೇಳಿಕೊಂಡೆ.

ಕೊನೆಗೆ ಹಿಂದಿನ ಸಾಲಿನಿಂದ ಒಬ್ಬ ಹುಡುಗಿ ಬಂದಳು. ಮಾರ್ಚಿನಲ್ಲಿ ಹದಿಮೂರು ತುಂಬುತ್ತದಂತೆ. ಏನೇನು ಕೊಳ್ಳಬೇಕು ಅಂತ ಕೇಳಿದಳು. ಹಳದಿ ಅಂಗಿ, ಕಪ್ಪು ಚಡ್ಡಿ, ಕಪ್ಪು ಕಾಲುಚೀಲ, ಎರಡು ಸೀಟಿ, ಒಂದು ಜೊತೆ ಬಾವುಟ, ಸೆಕೆಂಡು ತೋರಿಸುವ ಗಡಿಯಾರ, ಪೆನ್ಸಿಲ್ ಅಂದೆ. ಪೆನ್ಸಿಲ್ ಯಾಕೆ, ಪೆನ್ನಾಗದೇ ಅಂದಳು. ಮಳೆಯಲ್ಲಿ ಪೆನ್ನು ಬರೆಯುವುದಿಲ್ಲ ಅಂದೆ. ಅವಳು ಅದನ್ನು ಫೋನಿನಲ್ಲಿ ಬರೆದುಕೊಂಡಳು. ಏಪ್ರಿಲಿನ ಮೊದಲ ಶನಿವಾರ ಬೆಳಿಗ್ಗೆ ಎಂಟಕ್ಕೆ ಏಳು ವರ್ಷದವರ ಆಟವಿದೆ. ಅವಳ ಮೊದಲ ಆಟಕ್ಕೆ ನಾನು ಗೆರೆಯಾಚೆ, ಒಂದು ಬಿಳಿ ಹಾಳೆ ಹಿಡಿದುಕೊಂಡು ಬರುತ್ತೇನೆ ಅಂತ ಹೇಳಿ ಕಳಿಸಿದ್ದೇನೆ.